ತಿಪ್ಪೆಯ ದತ್ತೂರಿ, ಗುಡ್ಡದ ದತ್ತೂರಿ

ಬೆಟಗೇರಿಯ ನಮ್ಮ ಮನೆಯಲ್ಲಿ ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ದೊಡ್ಡಪ್ಪ ಕೂರುತ್ತಿದ್ದ. ಉಳಿದವರಿಗೆ ಮಗ್ಗದ ಕುಣಿ ಇತ್ತು, ರಾಟಿಯ ಮುಂದಿನ ಮಣೆ ಇತ್ತು, ಒಲೆಯ ಮುಂದಿನ ನೆಲ ಇತ್ತು. ಪಡಸಾಲೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ. ಹಿಂದಿನ ಕೋಣೆಯಲ್ಲಿ ದೊಡ್ಡವ್ವ ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತುತ್ತಿದ್ದಳು. ನಡುಮನೆಯ ಕಿಟಕಿಯ ಬೆಳಕಿನಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದ ನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಓಣಿಯ ಅರ್ಧ ಮನೆಗಳವರು ಆ ಕೆಲಸಕ್ಕೆ ಅವಳನ್ನೇ ಕರೆಯುತ್ತಿದ್ದರು. ನಾನು ಎಣಿಸಿದ್ದೇನೆ: ನಿಮಿಷಕ್ಕೆ ಹನ್ನೊಂದು ಎಳೆ. ದೊಡ್ಡಪ್ಪ ದಿನಕ್ಕೆ ಎಷ್ಟು ಎಳೆ ಕೂಡಿಸುತ್ತಾನೆ ಎಂದೂ ಒಂದು ಅಂಕಣ ಹಾಕಿದ್ದೆ. ಅದು ವರ್ಷವಿಡೀ ಖಾಲಿ ಉಳಿಯಿತು.

ನಾನು ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಬಟ್ಟೆ ಅಂಗಡಿಯಿಂದ ತಂದ ಹಳೆಯ ಡೈರಿಯೊಂದನ್ನು ನನಗೆ ಕೊಟ್ಟಿದ್ದ. ಅಂದಿನಿಂದ ನಾನು ಬರೆಯುವುದನ್ನು ಬಿಟ್ಟಿಲ್ಲ. ಬರೆಯುತ್ತಿದ್ದದ್ದು ಮನಸ್ಸಿನ ಮಾತಲ್ಲ, ಲೆಕ್ಕ. ಅವ್ವ ಎಷ್ಟು ರೊಟ್ಟಿ ಬಡಿದಳು, ಅದರಲ್ಲಿ ಅವಳ ಪಾಲಿಗೆ ಎಷ್ಟು ಉಳಿದವು, ನಲ್ಲಿ ಎಷ್ಟು ದಿನಕ್ಕೊಮ್ಮೆ ಬಂತು, ಊಟಕ್ಕೆ ಕೂತಾಗ ದೊಡ್ಡಪ್ಪ "ನಿಮಗ ಗೊತ್ತಿಲ್ಲ" ಎಂಬ ಮಾತನ್ನು ಎಷ್ಟು ಸಲ ಆಡಿದ. ಹೆಚ್ಚೆಂದರೆ ಹದಿನೇಳು, ಅಂದು ಹೋಳಿಗೆ ಇತ್ತು, ಊಟ ತಡವಾಗಿ ಮುಗಿದಿತ್ತು.

ದೊಡ್ಡಪ್ಪನ ಉದ್ಯೋಗ ತಿಳಿದುಕೊಂಡಿರುವುದು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆಯವರೆಗೆ ಹೋದ ಮೊದಲಿಗ ಅವನು. ಹೋಗಿದ್ದು ಖರೆ, ದಾಟಿದ್ದಕ್ಕೆ ದಾಖಲೆ ಇಲ್ಲ. ಅವನು ರೊಟ್ಟಿ ಮುರಿಯುವವರೆಗೆ ಯಾರೂ ತಾಟಿಗೆ ಕೈ ಹಾಕುವಂತಿರಲಿಲ್ಲ. ಅವನು ಮಾತು ಮುಗಿಸುವವರೆಗೆ ಯಾರೂ ಏಳುವಂತಿರಲಿಲ್ಲ. ಮಳೆ ಯಾಕೆ ಬರಲಿಲ್ಲ, ಪುಂಡಿಪಲ್ಯ ಯಾಕೆ ಹುಳಿಯಾಯಿತು, ಪಕ್ಕದ ಮನೆಯ ಸೊಸೆಗೆ ಯಾಕೆ ಮಕ್ಕಳಿಲ್ಲ, ಎಲ್ಲವೂ ಅವನಿಗೆ ಗೊತ್ತು. ಮಗ್ಗದ ಲಾಳಿ ಎಡದಿಂದ ಬಲಕ್ಕೆ ಹೇಗೆ ಹೋಗುತ್ತದೆ ಎಂಬುದೊಂದು ಗೊತ್ತಿರಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವನು ಯಾರದೋ ಮದುವೆ ಮಾತುಕತೆಗೆಂದು ಮುಂಡರಗಿಗೆ ಹೋಗಿ ಬಂದ. ಮದುವೆ ಕೂಡಲಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದ ಅವನ ಬದುಕನ್ನೇ ಬದಲಿಸಿತು. ಅದು ಯಾವುದೋ ವೈದ್ಯದ ಪುಸ್ತಕದ ಹರಿದ ಹಾಳೆ. ಮುಳ್ಳಿನ ಎಲೆ, ಮುರಿದರೆ ಬಂಗಾರದ ಬಣ್ಣದ ಹಾಲು, ಬೀಜದ ಎಣ್ಣೆಯಿಂದ ವಾತ ದೂರ ಎಂದು ಅದರಲ್ಲಿತ್ತು. ಗಿಡದ ಚಿತ್ರ ಇದ್ದ ಜಾಗದಲ್ಲಿ ಭಜಿಯ ಎಣ್ಣೆ ಹರಡಿ ಕಾಗದ ಪಾರದರ್ಶಕವಾಗಿತ್ತು. ಚಿತ್ರ ಕಾಣದಿದ್ದರೇನು, ದೊಡ್ಡಪ್ಪನಿಗೆ ಗೊತ್ತಿತ್ತಲ್ಲ. ಕಪ್ಪತಗುಡ್ಡದಲ್ಲಿ ಹುಟ್ಟಿದ್ದೆಲ್ಲ ಔಷಧವೇ ಎಂಬ ಮಾತು ನಮ್ಮ ಸೀಮೆಯಲ್ಲಿ ಮೊದಲೇ ಇದೆ. ಮುಂದಿನ ವಾರ ಅವನು ಕೈಚೀಲ ಹಿಡಿದು ಮುಂಡರಗಿ ಬಸ್ಸು ಹತ್ತಿದ. ಸಂಜೆ ಒದ್ದೆ ಟವೆಲಿನಲ್ಲಿ ಸುತ್ತಿದ ಒಂದು ಗಿಡ ತಂದು, ದೇವರ ಕೋಣೆಯ ಹೊಸ್ತಿಲ ಮೇಲಿಟ್ಟ. ಬೂದು ಹಸಿರಿನ ಮುಳ್ಳೆಲೆ, ಎಲೆಯ ನರಗಳೆಲ್ಲ ಬೆಳ್ಳಗೆ, ತುದಿಯಲ್ಲಿ ತೆಳ್ಳನೆಯ ಹಳದಿ ಹೂವು. ದೊಡ್ಡವ್ವ ಅದಕ್ಕೆ ಕುಂಕುಮ ಹಚ್ಚಿದಳು.

ನನಗೆ ನಗು ಬಂತು. ನಮ್ಮ ಮನೆಯ ಹಿಂದೆ ನೂಲಿಗೆ ಬಣ್ಣ ಹಾಕುವವರ ಹಾಳುಗೋಡೆ ಇತ್ತು, ಅದರ ಬುಡದಲ್ಲಿ ತಿಪ್ಪೆ. ಆ ತಿಪ್ಪೆಯ ಸುತ್ತ ಅದೇ ಗಿಡ ಮೂವತ್ತೇಳು ಇದ್ದವು. ಎಣಿಸಿಯೇ ಹೇಳುತ್ತಿದ್ದೇನೆ, ಚೆಂಡು ಅಲ್ಲಿ ಬಿದ್ದರೆ ತರಲು ಹೋದವರ ಕಾಲಿನ ಪಿಂಡರಿ ಗೀರಿಹೋಗುತ್ತಿತ್ತು. ಅಂದೇ ಹೋಗಿ ಒಂದು ಟೊಂಗೆ ಮುರಿದು ತಂದು, ಗುಡ್ಡದ್ದನ್ನೂ ತಿಪ್ಪೆಯದ್ದನ್ನೂ ಪಕ್ಕಪಕ್ಕ ಇಟ್ಟು ಡೈರಿಯಲ್ಲಿ ಗೀಟು ಹಾಕಿದೆ. ಹೂವಿನ ಎಸಳು: ಅದಕ್ಕೆ ಆರು, ಇದಕ್ಕೆ ಆರು. ಮೊಗ್ಗಿನ ನೆತ್ತಿಯ ಮೇಲಿನ ಕೊಂಬು: ಮೂರು, ಮೂರು. ಕಾಯಿಯ ಮೈಗೆ ಮುಳ್ಳು: ಹೌದು, ಹೌದು. ಮುರಿದರೆ ಬರುವ ಹಾಲು: ಅರಿಸಿನ ಕಲಸಿದ ಹಾಗೆ, ಅರಿಸಿನ ಕಲಸಿದ ಹಾಗೆ. ಬೀಜ ಎರಡರದ್ದೂ ಸಾಸಿವೆಯಂತೆ ಕಪ್ಪಗೆ, ಗುಂಡಗೆ. ಅಪ್ಪ ಬಟ್ಟೆಯ ಎಳೆ ಎಣಿಸಲು ಇಟ್ಟುಕೊಂಡಿದ್ದ ಸಣ್ಣ ಭೂತಗನ್ನಡಿ ಹಿಡಿದು ನೋಡಿದೆ. ಸಾಸಿವೆಯ ಮೈ ನುಣ್ಣಗಿತ್ತು. ಈ ಎರಡರ ಮೈಮೇಲೆಯೂ ಬಲೆ ಹೆಣೆದಂತೆ ಒರಟು ಗೆರೆಗಳು. ಉಗುರಿನಿಂದ ಒತ್ತಿದರೆ ಸಾಸಿವೆಯ ಒಳಗು ಹಳದಿ, ಇವುಗಳ ಒಳಗು ಬಿಳಿ. ಊಟದ ಹೊತ್ತಿಗೆ ಎರಡೂ ಟೊಂಗೆಗಳನ್ನು ದೊಡ್ಡಪ್ಪನ ಮುಂದೆ ಹಿಡಿದೆ.

"ದೊಡ್ಡಪ್ಪ, ಎರಡೂ ಒಂದ ಅದಾವು. ನಮ್ಮ ಹಿತ್ತಲದಾಗ ಮೂವತ್ತೇಳು ಅದಾವು."

ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಪಾರೀ, ಅದು ತಿಪ್ಪಿ ಮ್ಯಾಗಿನ ದತ್ತೂರಿ. ಇದು ಗುಡ್ಡದ್ದು. ನಿಮಗ ಗೊತ್ತಿಲ್ಲ."

"ಫರಕ ಏನೈತಿ ಹೇಳು ಮತ್ತ?"

"ಗಾಳಿ ಫರಕ, ನೆಲ ಫರಕ. ಬೆಟಗೇರಿ ತಿಪ್ಪಿಯಾಗ ಹುಟ್ಟಿದ್ದಕ್ಕೂ ಗುಡ್ಡದಾಗ ಹುಟ್ಟಿದ್ದಕ್ಕೂ ಒಂದ ತಕ್ಕಡಿ ಏನು? ಏ ತಮ್ಮಾ, ನಿನ್ನ ಮಗಳಿಗಿ ಆ ಡೈರಿ ಯಾಕ ಕೊಟ್ಟಿಯೋ ಮಾರಾಯಾ, ಮಂದಿ ತಲಿಯಾಗಿನ ಹೇನು ಎಣಿಸ್ಯಾಳು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಪ್ಪ ಅಣ್ಣನ ಎದುರು ನಗಬೇಕಾದಾಗ ನಗುತ್ತಿದ್ದ, ತಲೆಯಾಡಿಸಬೇಕಾದಾಗ ಆಡಿಸುತ್ತಿದ್ದ. ಮಿಕ್ಕ ಹೊತ್ತು ನೇಯುತ್ತಿದ್ದ. ಬಿಳಿಯ ಗಂಟೆಯಂಥ ಹೂವಿನ ಮದಗುಣಕಿಗೂ ಕೆಲವರು ದತ್ತೂರಿ ಅನ್ನುತ್ತಾರೆ, ಇದು ಅದಲ್ಲ ಎಂದು ನಾನು ಡೈರಿಯಲ್ಲಿ ಟಿಪ್ಪಣಿ ಬರೆದುಕೊಂಡೆ. ನನ್ನ ಲೆಕ್ಕವನ್ನು ಕೇಳುವವರು ಯಾರೂ ಇಲ್ಲದಿದ್ದರೂ ಅದರಲ್ಲಿ ತಪ್ಪು ಇರಬಾರದು ಎಂಬ ಸೊಕ್ಕು ನನಗಿತ್ತು.

ಆಯಿಯ ಮೊಣಕಾಲು ನೋಯುತ್ತಿದ್ದದ್ದು ನಿಜ. ಐವತ್ತು ವರ್ಷ ನೆಲದ ಮೇಲೆ ಕೂತು ಎಳೆ ಕೂಡಿಸಿದವಳಿಗೆ ಇನ್ನೇನು ನೋಯಬೇಕು? ದೊಡ್ಡಪ್ಪ ಐದು ಸಲ ಗುಡ್ಡಕ್ಕೆ ಹೋಗಿ ಎರಡು ಸೇರು ಬೀಜ ತಂದ. ಔಡಲೆಣ್ಣೆ ತೆಗೆದಂತೆಯೇ ದೊಡ್ಡವ್ವ ಅದನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದು ಬಾಟಲಿಗೆ ತುಂಬಿದಳು. ಹುರಿದವಳು ದೊಡ್ಡವ್ವ, ಕುಟ್ಟಿದವಳು ಅವ್ವ, ಸೌದೆ ಒಟ್ಟಿದವಳು ನಾನು; ಔಷಧ ಮಾಡಿದವನು ದೊಡ್ಡಪ್ಪ. ಶಿವರಾತ್ರಿಯ ಮರುದಿನ, ಮಾರ್ಚ್ ಎರಡರಂದು, ಅವನು ಕುರ್ಚಿಯಿಂದ ಎದ್ದು ತನ್ನ ಕೈಯಾರೆ ಮೊದಲ ಚಮಚವನ್ನು ಆಯಿಯ ಬಾಯಿಗೆ ಹಾಕಿದ. ಮುಂಜಾನೆ ಬೆಲ್ಲದ ಚೂರಿನ ಜೊತೆ ಒಂದು ಚಮಚ, ಸಂಜೆ ಮೊಣಕಾಲಿಗೆ ತಿಕ್ಕಲು ಅಷ್ಟೇ. ಆಯಿ ಮುಖ ಕಿವುಚಿ, "ಎಷ್ಟ ಕಹಿ ಐತ್ಯೋ ಯಪ್ಪಾ," ಎಂದಳು. "ಕಹಿ ಇದ್ರನ ಔಷಧ, ಯವ್ವಾ," ಎಂದ ಅವನು. ಅಂಥ ಮಾತು ಅವನ ಬಳಿ ಬೇಕಾದಷ್ಟಿದ್ದವು.

ಮಾರ್ಚ್ ಎಂಟರಂದು ಸೊರಟೂರಿನ ನೀಲವ್ವ ಬಂದಳು. ಅವಳು ವಾರಕ್ಕೊಮ್ಮೆ ಹಕ್ಕರಕಿ, ಮೆಂತೆ ಸೊಪ್ಪು ತಂದು ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸುವವಳು. ಓದು ಬಾರದ, ಕುರ್ಚಿ ಇಲ್ಲದ ಹೆಂಗಸು. ಬೀಜ ಉದುರಿಸಿ ಹಿತ್ತಲ ಹೊಸ್ತಿಲ ಬಳಿ ಎಸೆದಿದ್ದ ಒಣಗಿದ ಗಿಡ ನೋಡಿ ಅದನ್ನು ಯಾಕೆ ತಂದಿರಿ ಎಂದು ಕೇಳಿದಳು. ಅವ್ವ ದನಿ ತಗ್ಗಿಸಿ ಎಣ್ಣೆಯ ಸಂಗತಿ ಹೇಳಿದಳು.

"ಯವ್ವಾ, ಇದು ದತ್ತೂರಿ! ನಮ್ಮ ಹೊಲದ ಬದುವಿನಾಗ ಬೇಕಾದಷ್ಟು. ಎಮ್ಮಿ ಬಾಯಿ ಹಾಕೂದಿಲ್ಲ, ಆಡು ಬಾಯಿ ಹಾಕೂದಿಲ್ಲ. ಆಡು ತಿನ್ನಲಾರದ್ದನ್ನ ಮನಶ್ಯಾರಿಗೆ ಕುಡಸ್ತಾರೇನ?"

"ಇದು ಗುಡ್ಡದ್ದಂತ," ಎಂದಳು ಅವ್ವ.

"ಗುಡ್ಡದ ಚೇಳು ಕಡದ್ರ ಉರಿಯೂದಿಲ್ಲೇನ? ನನ್ನ ತವರಮನಿ ಊರಾಗ ಇದರ ಬೀಜ ಸಾಸವಿಯೊಳಗ ಕೂಡಿ, ಮನೀಮಂದಿಗೆಲ್ಲ ಕಾಲು ಬಾತು ಗಡಿಗಿ ಆಗಿದ್ವು. ಒಬ್ಬ ಮುದುಕ ಹೋದ. ಚೆಲ್ರಿ ಮೊದಲ."

ನೀಲವ್ವ ಹೋದ ಮೇಲೆ ಅವ್ವ ಬಹಳ ಹೊತ್ತು ಸೊಪ್ಪು ಸೋಸಿದಳು. ಆಮೇಲೆ ನನಗೆ ಹೇಳಿದಳು:

"ಬಾಯಿ ಬಿಟ್ಟೀಯ ಮತ್ತ. ಭಾವಾರ ಮುಂದ ಹದಿನಾಕು ವರ್ಷದಾಗ ನಾ ಒಂದ ಮಾತು ಎದುರಾಡಿಲ್ಲ. ಹೊತ್ತು ನೋಡಿ ನಿಮ್ಮಪ್ಪಗ ಹೇಳತೇನಿ."

ಹೊತ್ತು ಬರಲಿಲ್ಲ. ನಾನು ಮರುದಿನದಿಂದ ಅಳತೆ ಶುರು ಮಾಡಿದೆ. ಹಾಸಿನ ಒಂದು ಎಳೆಯನ್ನು ಆಯಿಯ ಪಾದದ ಮೇಲಿನ ಹರಡಿಗೆ ಸುತ್ತಿ, ಕೂಡಿದಲ್ಲಿ ಗಂಟು ಹಾಕಿ ಕತ್ತರಿಸಿ, ಡೈರಿಯ ಹಾಳೆಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದೆ. ಮೂರು ದಿನಕ್ಕೊಂದು ಎಳೆ. ಏನೇ ಇದು ಎಂದು ಆಯಿ ಕೇಳಿದರೆ, ಶಾಲೆಯ ಲೆಕ್ಕ ಅನ್ನುತ್ತಿದ್ದೆ. ಎರಡನೆಯ ಎಳೆ ಮೊದಲನೆಯದಕ್ಕಿಂತ ಒಂದು ಉಗುರು ಉದ್ದ ಬಂತು, ಮೂರನೆಯದು ಎರಡು ಉಗುರು. ನಾಲ್ಕನೆಯದರ ಹೊತ್ತಿಗೆ ಆಯಿಯ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ, ಚರ್ಮ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕೆಟ್ಟ ನೀರು ಮೇಲಿನಿಂದ ಇಳಿದು ಕಾಲಿಗೆ ಬಂದಿದೆ, ಇನ್ನು ಹೊರಗೆ ಹೋಗುತ್ತದೆ ಎಂದ ದೊಡ್ಡಪ್ಪ. ಯಾವ ಬಾಗಿಲಿನಿಂದ ಎಂದು ಯಾರೂ ಕೇಳಲಿಲ್ಲ. ಸಂಜೆ ದೇವರ ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತವೆ ಎಂದು ಆಯಿ ಹೇಳಿದಾಗ ಅವನು ಕೈಮುಗಿದು, "ದೃಷ್ಟಿ ತೆರೀತು," ಎಂದ. ಮನೆಮಂದಿಯೆಲ್ಲ ಆ ದೀಪವನ್ನು ನೋಡಿದರು. ಯಾರಿಗೂ ಬಳೆ ಕಾಣಲಿಲ್ಲ. ಆದರೂ ತಲೆಯಾಡಿಸಿದರು. ನಾಲ್ಕು ಜನ ದುಡಿಯುವವರು ಒಬ್ಬ ಕೂತು ತಿನ್ನುವವನಿಗೆ ಹೀಗೆ ತಲೆಯಾಡಿಸುವುದನ್ನು ನಾನು ಆಮೇಲೆ ಎಷ್ಟೋ ಕಡೆ ಕಂಡಿದ್ದೇನೆ, ಆದರೆ ಅಷ್ಟು ಶಿಸ್ತಿನಿಂದ ಇನ್ನೆಲ್ಲೂ ಕಂಡಿಲ್ಲ.

ಇಪ್ಪತ್ತೇಳರ ಮುಂಜಾನೆ ಏಳನೆಯ ಎಳೆ ಅಂಟಿಸಿದೆ. ಅಂದು ಆಯಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಓಣಿಯವರ ಟಂಟಂ ರಿಕ್ಷಾದಲ್ಲಿ ಅವಳನ್ನು ಗದಗಿನ ದವಾಖಾನೆಗೆ ಒಯ್ದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎರಡೂ ಕಾಲು ಒತ್ತಿ ನೋಡಿದರು, ಎದೆಗೆ ನಳಿಗೆ ಇಟ್ಟು ಕೇಳಿದರು, ನಮ್ಮ ಕಡೆ ತಿರುಗಿದರು.

"ಮನಿಯಾಗ ಯಾವ ಎಣ್ಣಿ ಬಳಸ್ತೀರಿ?"

"ಕುಸುಬಿ ಎಣ್ಣಿರಿ, ಮೇಡಮ್ಮೋರ," ಎಂದ ದೊಡ್ಡಪ್ಪ.

"ಬ್ಯಾರೆ ಏನರ? ಗಿಡಮೂಲಿಕಿ ಔಷಧ ಏನರ ಕೊಟ್ಟೀರೇನು?"

"ಏ, ಇಲ್ರಿ. ನಾವು ಅಂಥವರಲ್ರಿ."

ಎರಡು ತಿಂಗಳು ಗಿಡಮೂಲಿಕೆ ಬಿಟ್ಟು ಬೇರೆ ಮಾತಾಡದ ಮನುಷ್ಯ ಹಾಗೆ ಹೇಳಿ, ಅಂಗಿಯ ಕಾಲರು ಸರಿಮಾಡಿಕೊಂಡ. ಅವ್ವ ನೆಲ ನೋಡಿದಳು. ಅಪ್ಪ ಮೇಲೆ ತಿರುಗುವ ಫ್ಯಾನು ನೋಡಿದ. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಸಿಗೆಯ ಮೇಲೆ ಆಯಿ ಮೀನಿನಂತೆ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ನಾನು ಶಾಲೆಯ ಚೀಲದಿಂದ ಡೈರಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟೆ.

"ಸುಳ್ಳರಿ. ದತ್ತೂರಿ ಬೀಜದ ಎಣ್ಣಿ. ಮುಂಜಾನಿ ಒಂದು ಚಮಚ, ಸಂಜೀಕ ಮೊಣಕಾಲಿಗೆ. ಇವತ್ತಿಗೆ ಇಪ್ಪತ್ತಾರು ದಿನ ಆತ್ರಿ."

ಅವರು ಹಾಳೆ ತಿರುವಿದರು. ಒತ್ತಿ ಒಣಗಿಸಿದ ಎಲೆ, ಅಂಟಿಸಿದ ಬೀಜ, ಏಳು ಎಳೆ. ಒಂದೊಂದು ಎಳೆಯ ಮೇಲೂ ಬೆರಳಾಡಿಸಿ ಕೇಳಿದರು: "ಯಾರು ಬರದಿದ್ದು ಇದು?"

"ನಾನ್ರಿ."

"ಶಾಣ್ಯಾಕಿ ಇದ್ದಿ," ಎಂದರು. ಆ ಮಾತನ್ನು ಅಂದು ಸಂಜೆ ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ದವಾಖಾನೆಯ ಹೊರಗೆ ಬೇವಿನ ಗಿಡದ ಕೆಳಗೆ ದೊಡ್ಡಪ್ಪ ನನ್ನ ಕಿವಿ ಹಿಡಿದ. "ಮನೀ ಮಾನ ಹೊರಗಿನವರ ಮುಂದ ಹರಾಜ ಹಾಕಿದೆಲ್ಲಲೇ!" ತಾಯಿ ಸಾಯುತ್ತಿದ್ದಾಗ ಅವನಿಗೆ ನೆನಪಾದದ್ದು ಮಾನ. ಅಂದಿನಿಂದ ನಲವತ್ತೊಂದು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಇನ್ನಷ್ಟು ದಿನ ಮುಂದುವರಿದಿದ್ದರೂ ನನ್ನ ಅಡ್ಡಿ ಇರಲಿಲ್ಲ.

ಎಣ್ಣೆ ನಿಂತ ಮೇಲೆ ಎಳೆಗಳು ಗಿಡ್ಡವಾಗುತ್ತ ಬಂದವು. ಯುಗಾದಿ ದಾಟಿ, ಬಸವ ಜಯಂತಿ ದಾಟುವ ಹೊತ್ತಿಗೆ ಆಯಿಯ ಕಾಲು ಚಪ್ಪಲಿಯೊಳಗೆ ಹೋಯಿತು. ಹೋಗದೆ ಉಳಿದದ್ದು ಕಣ್ಣಿನ ಬಳೆ. ಬಲಗಣ್ಣು ಮಬ್ಬಾಯಿತು, ಎಡಗಣ್ಣಿಗೆ ಸಣ್ಣ ಎಳೆ ಹತ್ತದಾಯಿತು. ಹೊಸ ಹಾಸು ಬಂದ ದಿನ ಅವಳು ಕಿಟಕಿಯ ಕೆಳಗೆ ಕೂತು ಎರಡು ತುದಿ ಹಿಡಿದಳು. ಬೆರಳು ಸರಿಯಾಗಿಯೇ ಹೊಸೆದವು, ಆದರೆ ಪಕ್ಕದ ಎಳೆಯನ್ನು ಬಿಟ್ಟು ಅದರ ಪಕ್ಕದ್ದನ್ನು ಹಿಡಿದಿದ್ದವು. ನಿಮಿಷಕ್ಕೆ ನಾಲ್ಕು, ಅದರಲ್ಲಿ ಎರಡು ತಪ್ಪು. ಅವಳು ಹಾಸನ್ನು ಮಡಚಿ ಅವ್ವನ ಕೈಗೆ ಕೊಟ್ಟು, ಮತ್ತೆ ಆ ಕಿಟಕಿಯ ಕಡೆ ಹೋಗಲಿಲ್ಲ.

ಅದರ ಮರುದಿನ ಮಧ್ಯಾಹ್ನ, ನಾವಿಬ್ಬರೇ ಇದ್ದಾಗ, ಆಯಿ ಡೈರಿ ಓದಿ ಹೇಳು ಎಂದಳು. ಶಿವರಾತ್ರಿಯಿಂದ. ನಾನು ಉತ್ಸಾಹದಿಂದ ಓದಿದೆ. ನನ್ನ ಡೈರಿಯನ್ನು ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು.

"ತಡಿ," ಎಂದಳು. "ಎಂಟನೇ ತಾರೀಖು ಏನಂದಿ?"

"ನೀಲವ್ವ ಬಂದಿದ್ಲು. ಇದು ದತ್ತೂರಿ, ಕಾಲು ಬಾಯತಾವ, ಚೆಲ್ರಿ ಅಂದ್ಲು."

"ದವಾಖಾನ್ಯಾಗ ನೀ ಹೇಳಿದ್ದು?"

"ಇಪ್ಪತ್ತೇಳಕ್ಕ."

ಆಯಿ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸಿದಳು. ಆ ಬೆರಳುಗಳು ಎಣಿಕೆಯಲ್ಲಿ ಯಾವತ್ತೂ ತಪ್ಪಿದವಲ್ಲ.

"ಹತ್ತೊಂಬತ್ತು. ಹತ್ತೊಂಬತ್ತು ದಿನ ಚಮಚ ನನ್ನ ಬಾಯಾಗ ಹೋಗೂದು ನೋಡಿಕೋತ, ಬರಕೋತ ಕುಂತಿದ್ದಿ."

"ದೊಡ್ಡಪ್ಪ ನನ್ನ ಮಾತು ಕೇಳೂದಿಲ್ಲಲ್ಲ, ಆಯಿ."

"ಕುಡದಾಕಿ ನಾನು. ನನ್ನ ಕಿವಿ ಛಲೋ ಇದ್ವಲ್ಲ?"

ನಾನು ಡೈರಿ ಮುಚ್ಚಿದೆ.

"ನಿಮ್ಮ ದೊಡ್ಡಪ್ಪ ದಡ್ಡ. ನಾನ ಹಡದೇನಿ, ನನಗ ಗೊತ್ತೈತಿ. ದಡ್ಡಗ ಏನನ್ನೂದು? ನೀ ಶಾಣ್ಯಾಕಿ."

ಡಾಕ್ಟರು ಆಡಿದ್ದ ಮಾತೇ ಅದು. ಆಯಿಯ ಬಾಯಲ್ಲಿ ಅದು ಬೇರೆಯೇ ವಸ್ತುವಾಗಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಆಯಿಗೆ ಯಾಕೆ ಹೇಳಲಿಲ್ಲ ಎಂದು ನಾನು ಎಷ್ಟೋ ವರ್ಷ ಎಷ್ಟೋ ಕಾರಣ ಬರೆದಿದ್ದೇನೆ: ಅವ್ವ ಬೇಡ ಎಂದಳು, ನಾನು ಹನ್ನೆರಡರ ಹುಡುಗಿ, ಮನೆಯ ಪದ್ಧತಿ. ಡೈರಿ ಅವೆಲ್ಲವನ್ನೂ ಸುಳ್ಳು ಮಾಡುತ್ತದೆ. ಐದನೆಯ ಎಳೆಯ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿದೆ: "ದೊಡ್ಡಪ್ಪ ತಪ್ಪು. ನಾನು ಸರಿ." ಅಂದು ಆಯಿಯ ಪಾದ ಕುಂಬಳಕಾಯಿಯಂತೆ ಬಾತಿತ್ತು. ನನಗೆ ಎಳೆ ಉದ್ದವಾಗುವುದು ಬೇಕಿತ್ತು. ಅವನು ಸೋಲಬೇಕಿತ್ತು, ಎಲ್ಲರ ಎದುರು, ಪುರಾವೆ ಸಹಿತ. ಅವನು ಆಯಿಯ ಕಾಲಿನ ಮೇಲೆ ತನ್ನ ಜಾಣತನ ನಡೆಸಿದ. ನಾನು ಅದೇ ಕಾಲಿನ ಮೇಲೆ ನನ್ನದನ್ನು ನಡೆಸಿದೆ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಆದರೆ ಆ ಕುರ್ಚಿಯಲ್ಲಿ ಇಬ್ಬರು ಕೂತಿದ್ದೆವು ಎಂಬುದನ್ನು ಬರೆಯದೆ ಹೋದರೆ ಈ ಲೆಕ್ಕ ತಪ್ಪಾಗುತ್ತದೆ.

ಆಯಿ ಆಮೇಲೆ ಆರು ವರ್ಷ ಬದುಕಿದಳು. ನನ್ನ ಜೊತೆ ಮಾತಾಡಿದಳು, ತಲೆ ಬಾಚಿದಳು, ಬೈದಳು. ಡೈರಿ ಓದು ಎಂದು ಮತ್ತೆ ಯಾವತ್ತೂ ಕೇಳಲಿಲ್ಲ. ಅಂದಿನಿಂದ ನನ್ನ ಡೈರಿಯ ಪ್ರತಿ ಹಾಳೆಗೂ ಎರಡು ಅಂಕಣ: ತಿಳಿದದ್ದು ಯಾವಾಗ, ಹೇಳಿದ್ದು ಯಾವಾಗ. ಎರಡರ ನಡುವಿನ ಅಂತರವನ್ನು ತಿಂಗಳ ಕೊನೆಗೆ ಕೂಡುತ್ತೇನೆ. ಇದರಿಂದ ನನಗೆ ಸ್ನೇಹಿತರು ಕಡಿಮೆ.

ದೊಡ್ಡಪ್ಪನಿಗೆ ಈಗ ಎಪ್ಪತ್ತರ ಮೇಲೆ. ಮರದ ಕುರ್ಚಿ ಮುರಿದು ಪ್ಲಾಸ್ಟಿಕ್ಕಿನದು ಬಂದಿದೆ. ಓಣಿಯ ಚಹಾದ ಅಂಗಡಿಯಲ್ಲಿ ಕೂತು, ದತ್ತೂರಿ ವಿಷವೆಂದು ಬೆಟಗೇರಿಗೆ ಮೊದಲು ತಿಳಿಸಿದವನು ತಾನೇ ಎಂದು ಹೇಳುತ್ತಾನೆ. "ಸಾಸವಿ ಒಳಗು ಹಳದಿ, ದತ್ತೂರಿ ಒಳಗು ಬಿಳಿ. ನಿಮಗ ಗೊತ್ತಿಲ್ಲ," ಎಂದು ಕೇಳುವವರ ಅಂಗೈಯಲ್ಲಿ ಬೀಜ ಒಡೆದು ತೋರಿಸುತ್ತಾನೆ. ತೋರಿಸುವುದು ಸರಿಯಾಗಿಯೇ ಇದೆ. ನಾನು ಹೋಗಿ ತಿದ್ದುವುದಿಲ್ಲ. ತಪ್ಪಿದ್ದಾಗ ಮಾತ್ರ ತಿದ್ದುತ್ತೇನೆ.

ಕಳೆದ ಗುರುವಾರ ಅವನು ಮತ್ತೆ ಮುಂಡರಗಿ ಬಸ್ಸಿನಿಂದ ಇಳಿದ. ಚೀಲದಲ್ಲಿ ಗುಲಗಂಜಿಯ ಬೀಜ, ದತ್ತೂರಿಗಿಂತ ದೊಡ್ಡ ವಿಷ. ಅರೆದು ಜೇನಿನಲ್ಲಿ ಕೊಟ್ಟರೆ ದೊಡ್ಡವ್ವನ ಕೆಮ್ಮು ನಿಲ್ಲುತ್ತದೆಯಂತೆ, ಇದು ಗುಡ್ಡದ್ದಂತೆ. ಅವನು ಚೀಲ ಬಿಚ್ಚಿ ಮುಗಿಸುವುದರೊಳಗೆ ನಾನು ಅವನನ್ನು ದಾಟಿ ಹಿಂದಿನ ಕೋಣೆಗೆ ಹೋದೆ. ಆ ದಿನದ ಹಾಳೆಯಲ್ಲಿ ಇಷ್ಟೇ ಇದೆ. ತಿಳಿದದ್ದು: ಸಂಜೆ ಐದು ಹತ್ತು. ಹೇಳಿದ್ದು: ಐದು ಹತ್ತು. ಯಾರಿಗೆ: ಕುಡಿಯಬೇಕಾದವಳಿಗೆ.